ಗೋಲಿನ ಹಿಂದೆ ಗಿರಾಕಿಗಳು

ಖಾಲಿ ಸೀಟು ಕಂಡರೆ ನನ್ನ ಸೋದರಮಾವನಿಗೆ ಮೈ ಪರಚಿಕೊಳ್ಳುವಂತಾಗುತ್ತದೆ. ಇದು ಹುಟ್ಟುಗುಣವಲ್ಲ, ಕಸುಬಿನಿಂದ ಅಂಟಿದ್ದು. ಕೂದಲು ಬೆಳ್ಳಗಾಗುವವರೆಗೆ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು ಅವರು. ಇಬ್ಬರು ಕೂರುವ ಸೀಟಿನಲ್ಲಿ ಮೂವರನ್ನು ಕೂರಿಸಿ, ಇಳಿಯುವಾಗ ಆ ಮೂವರ ಕೈಲೂ ಥ್ಯಾಂಕ್ಸ್ ಹೇಳಿಸಿಕೊಳ್ಳುತ್ತಿದ್ದರು. ಮನೆಗೆ ನೆಂಟರು ಬಂದರೂ ಬಾಗಿಲಲ್ಲಿ ನಿಂತು ಮಾತಾಡಲು ಬಿಡುತ್ತಿರಲಿಲ್ಲ. "ಒಳಗೆ ನಡೀರಿ, ಒಳಗೆ ನಡೀರಿ, ಹಿಂದೆ ಜನ ಹತ್ತಬೇಕು" ಎಂದು ತಳ್ಳಿಕೊಂಡು ಹೋಗಿ ಸೀದಾ ಅಡುಗೆಮನೆ ಮುಟ್ಟಿಸುತ್ತಿದ್ದರು.

ಅಂಥವರು ನಿವೃತ್ತರಾದ ಮೇಲೆ ನಮ್ಮ ಬಡಾವಣೆಯ ಫುಟ್‌ಬಾಲ್ ಕ್ಲಬ್ಬಿಗೆ ಕಾರ್ಯದರ್ಶಿಯಾದರು. ಹಣೆಬರಹದ ತಮಾಷೆ ನೋಡಿ, ನಮ್ಮ ಮೈದಾನದಲ್ಲಿ ಇದ್ದದ್ದೆಲ್ಲ ಖಾಲಿ ಸೀಟೇ. ಒಂದು ಬದಿಗೆ ಮರದ ಹಲಗೆಗಳ ಉದ್ದನೆಯ ಗ್ಯಾಲರಿ, ಅದರ ಕೆಳಗೆ ಬಟ್ಟೆ ಬದಲಾಯಿಸಲು ಒಂದು ಕತ್ತಲೆ ಕೋಣೆ, ಬೀದಿಯ ಕಡೆಗೆ ಒಂದು ಕಬ್ಬಿಣದ ಗೇಟು. ಭಾನುವಾರ ಸಂಜೆ ನಾಲ್ಕಕ್ಕೆ ಪಂದ್ಯ ಶುರುವಾದಾಗ ಆ ಗ್ಯಾಲರಿಯಲ್ಲಿ ಕಾಣುತ್ತಿದ್ದವರು ಎದುರು ತಂಡದ ವ್ಯಾನಿನ ಡ್ರೈವರು, ಬಿಸಿಲು ಕಾಯಿಸುವ ಒಂದು ನಾಯಿ ಮತ್ತು ನಮ್ಮ ತಂಡದ ಪ್ಲಂಬರನ ತಾಯಿ. ಆಕೆಯೂ ಆಟ ನೋಡಲು ಬರುತ್ತಿದ್ದವರಲ್ಲ. ಮನೆಯಲ್ಲಿ ಸೊಸೆಯ ಜೊತೆ ಮಾತು ಬಿಟ್ಟ ಭಾನುವಾರ ಮಾತ್ರ ಬರುತ್ತಿದ್ದರು. ಅತ್ತೆ ಸೊಸೆ ರಾಜಿಯಾದರೆ ನಮ್ಮ ಪ್ರೇಕ್ಷಕರಲ್ಲಿ ಒಬ್ಬರು ಖೋತಾ.

ನಾನು ಆ ತಂಡದ ಗೋಲ್ ಕೀಪರ್. ವಾರವೆಲ್ಲ ಹೊಲಿಗೆ ಯಂತ್ರದ ಮುಂದೆ ಕೂರುವ ದರ್ಜಿ. "ಕೂತು ಕೂತು ಸೊಂಟ ಹಿಡ್ಕೊಂಡಿದೆ ಅಳಿಯಾ, ವಾರಕ್ಕೊಂದ್ಸಲ ನಿಂತ್ಕೊಂಡು ಬಾ" ಎಂದು ಮಾವನೇ ನನ್ನನ್ನು ಸೇರಿಸಿದ್ದು. ಮುಂದೆ ಓಡಿ ಗೋಲು ಹೊಡೆಯಬೇಕಾದವನು ಪ್ಲಂಬರ್. ನನ್ನ ಮುಂದೆ ಗೋಡೆಯ ಹಾಗೆ ನಿಲ್ಲುವವನು ಬಡಗಿ. ಎಡಗಡೆ ಅಂಚಿನಲ್ಲಿ ಓಡುವವನು ಫೋಟೋಗ್ರಾಫರ್. ಉಳಿದವರೂ ಹೆಚ್ಚುಕಡಿಮೆ ಇಂಥವೇ ಕೈಕೆಲಸದವರು. ನಮ್ಮೆಲ್ಲರಿಗೂ ಸಮನಾಗಿ ಬಂದಿದ್ದ ಒಂದು ವಿದ್ಯೆ ಇತ್ತು. ಕೆಲಸ ಒಪ್ಪಿಕೊಳ್ಳುವುದರಲ್ಲಿ ನಮ್ಮದು ಎತ್ತಿದ ಕೈ. ಮುಗಿಸುವ ಮಾತು ಬಂದಾಗ ಮಾತ್ರ "ನಾಳೆ ಬನ್ನಿ" ಎಂದು ತಲೆ ತಪ್ಪಿಸಿಕೊಳ್ಳುತ್ತಿದ್ದೆವು. ನನ್ನ ಹೆಂಡತಿ ಹೇಳುತ್ತಿದ್ದಳು: "ನಿಮ್ಮ ತಂಡದಲ್ಲಿ ಎಲ್ಲರಿಗೂ ಓಡೋಕೆ ಬರತ್ತೆ. ಆದ್ರೆ ಮೈದಾನದಲ್ಲಲ್ಲ, ಗಿರಾಕಿ ಕಂಡಾಗ."

ಒಂದು ದಿನ ಮಾವ ನನ್ನ ಅಂಗಡಿಯಲ್ಲಿ ಕೂತಿದ್ದಾಗ ಲೀಗ್ ನಡೆಸುವ ಸಂಘದವರ ಫೋನು ಬಂತು. ಕಿವಿ ಮಂದವಾದದ್ದರಿಂದ ಮಾವ ಸ್ಪೀಕರ್ ಹಾಕಿಯೇ ಮಾತಾಡುತ್ತಾರೆ. ಆಚೆಯವನ ದನಿ ನಯವಾಗಿತ್ತು.

"ನಿಮ್ಮಲ್ಲಿ ಆಟ ನೋಡೋಕೆ ಯಾರೂ ಬರಲ್ಲ ಸಾರ್. ಈ ಸಲದ ಕಡೇ ಪಂದ್ಯಕ್ಕೆ ನಮ್ಮವರೊಬ್ರು ಬಂದು ನೋಡ್ತಾರೆ. ಗ್ಯಾಲರಿ ತುಂಬಿದ್ರೆ ಸರಿ. ಇಲ್ಲಾಂದ್ರೆ ನಿಮ್ಮನ್ನ ಸೇತುವೆ ಆಚೆ ಕ್ಲಬ್ಬಿಗೆ ಸೇರಿಸಿ ಈ ಮೈದಾನಕ್ಕೆ ಬೀಗ ಹಾಕ್ತೀವಿ."

ಮಾವ ಫೋನು ಇಟ್ಟು ನನ್ನ ಮೇಜಿನ ಮೇಲಿದ್ದ ಸೀಮೆಸುಣ್ಣದ ತುಂಡನ್ನು ಆ ಕಡೆಯಿಂದ ಈ ಕಡೆಗೆ ಇಟ್ಟರು. ಮತ್ತೆ ಈ ಕಡೆಯಿಂದ ಆ ಕಡೆಗೆ ಇಟ್ಟರು.

"ಚೆಕಿಂಗ್‌ನವರು ಬರ್ತಾರಂತೆ" ಎಂದರು.

ಕಂಡಕ್ಟರಾಗಿದ್ದವರ ಬಾಯಲ್ಲಿ ಆ ಮಾತು ಎಂಥದು ಎಂದು ನನಗೆ ಗೊತ್ತು. ನಗು ಬರಬೇಕಿತ್ತು, ಬರಲಿಲ್ಲ. ಅತ್ತೆ ತೀರಿಕೊಂಡ ಮೇಲೆ ಮಾವನಿಗೆ ಉಳಿದದ್ದು ಆ ಗೇಟು ಒಂದೇ. ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಯಾರೂ ಬರದ ಗೇಟಿನಲ್ಲಿ ನಿಂತು, ಯಾರೋ ಬರುತ್ತಾರೆಂದು ಬೀದಿ ನೋಡುವುದಕ್ಕಾಗಿ ಅವರು ಉಳಿದ ಆರು ದಿನ ಬದುಕುತ್ತಿದ್ದರು. ಆ ಗೇಟಿಗೆ ಬೀಗ ಬಿದ್ದರೆ ಅವರು ಎಲ್ಲಿ ಹೋಗಿ ನಿಲ್ಲುತ್ತಾರೆ?

ಮಾವ ಅತ್ತು ಕೂರುವ ಪೈಕಿಯಲ್ಲ. ಮರುದಿನವೇ ಬೋರ್ಡು ಬರೆಯುವವನನ್ನು ಹಿಡಿದರು. ನಾನು ಆಟಗಾರರ ಚಿತ್ರ ಹಾಕಿಸೋಣ ಎಂದೆ.

"ಬಸ್ಸಿನ ಬೋರ್ಡಲ್ಲಿ ಡ್ರೈವರ್ ಮುಖ ಹಾಕ್ತಾರೇನೋ? ಎಲ್ಲಿಗೆ ಹೋಗತ್ತೆ ಅಂತ ಹಾಕ್ತಾರೆ. ಇಲ್ಲಿಗೆ ಬಂದ್ರೆ ಏನು ಸಿಗತ್ತೆ ಅಂತ ಜನಕ್ಕೆ ಹೇಳ್ಬೇಕು, ಅಷ್ಟೇ. ಊರಿಗೆಲ್ಲ ಬೇಕಾದ ಜನ ನೀವು. ನಿಮ್ಮನ್ನ ನೋಡೋಕೆ ಬರದೆ ಇರ್ತಾರಾ?"

ಬೋರ್ಡುಗಳು ಮೂಲೆ ಮೂಲೆಯಲ್ಲಿ ಎದ್ದು ನಿಂತವು. ದಪ್ಪಕ್ಷರದಲ್ಲಿ ಹೀಗಿತ್ತು: "ಭಾನುವಾರ ಸಂಜೆ ನಾಲ್ಕಕ್ಕೆ! ಪ್ಲಂಬರ್, ಬಡಗಿ, ದರ್ಜಿ, ಫೋಟೋಗ್ರಾಫರ್! ಎಲ್ಲರೂ ಒಂದೇ ಜಾಗದಲ್ಲಿ! ತಪ್ಪದೆ ಸಿಗುತ್ತಾರೆ! ಪ್ರವೇಶ ಉಚಿತ!" ಫುಟ್‌ಬಾಲ್ ಎಂಬ ಪದಕ್ಕೆ ಜಾಗ ಸಾಲದೆ ಬರೆಯುವವನು ಅದನ್ನು ಕೆಳಗೆ ಮೂಲೆಯಲ್ಲಿ ಇರುವೆ ಸಾಲಿನಷ್ಟು ಸಣ್ಣಗೆ ಬರೆದಿದ್ದ.

ಆ ಭಾನುವಾರ ಮೈದಾನಕ್ಕೆ ಇಳಿದ ನಾವು ಬೆಪ್ಪಾದೆವು. ಗ್ಯಾಲರಿಯಲ್ಲಿ ಜನ! ಇನ್ನೂ ಬರುತ್ತಲೇ ಇದ್ದರು. ಬಡಗಿ ಕ್ರಾಪು ತೀಡಿಕೊಂಡ. ಫೋಟೋಗ್ರಾಫರ್ ಹೊಟ್ಟೆ ಒಳಗೆಳೆದುಕೊಂಡ. ನಾನು ಗೋಲಿನ ಮುಂದೆ ಅತ್ತಿಂದಿತ್ತ ಹಾರಿ, ಇಲ್ಲದ ಚೆಂಡನ್ನು ಹಿಡಿದು ತೋರಿಸಿದೆ. ಜಂಬ ನೆತ್ತಿಗೇರಿತ್ತು.

ರೆಫರಿ ಸೀಟಿ ಊದಿದ ಮರುಕ್ಷಣವೇ ಬಲೆಯ ಹಿಂದಿನಿಂದ ಒಂದು ದನಿ ಬಂತು.

"ಏನೋ! ನನ್ನ ಕೋಟು ಎಲ್ಲೋ?"

ಹೆಡ್‌ಮಿಸ್ಸು. ನನಗೆ ಮಗ್ಗಿ ಕಲಿಸಿದವರು, ಈಗ ನಿವೃತ್ತರು. ಇವತ್ತಿಗೂ ಅವರ ದನಿ ಕೇಳಿದರೆ ನನ್ನ ಎರಡೂ ಕೈ ತಾವಾಗಿಯೇ ಬೆನ್ನ ಹಿಂದೆ ಹೋಗಿ ಕಟ್ಟಿಕೊಳ್ಳುತ್ತವೆ. ಗೋಲ್ ಕೀಪರ್‌ಗೆ ಇದು ಒಳ್ಳೆಯ ಅಭ್ಯಾಸವಲ್ಲ. ನಾನು ಕೈಕಟ್ಟಿ ತಲೆ ತಗ್ಗಿಸಿ ನಿಂತಿದ್ದಾಗ ಚೆಂಡು ನನ್ನ ಪಕ್ಕದಿಂದ ಒಳಗೆ ಹೋಯಿತು.

"ನಾಳೆ ಬನ್ನಿ ಮಿಸ್" ಎಂದೆ.

"ಆ ನಾಳೆಗೆ ಮೀಸೆ ಬಂದಿದೆ ಕಣೋ!"

ಆಗ ನನಗೆ ಬೋರ್ಡಿನ ಅರ್ಥ ಹೊಳೆಯಿತು. ತಪ್ಪದೆ ಸಿಗುತ್ತಾರೆ! ಗ್ಯಾಲರಿಯಲ್ಲಿ ಕೂತಿದ್ದವರು ಪ್ರೇಕ್ಷಕರಲ್ಲ, ನಮ್ಮ ಗಿರಾಕಿಗಳು. ಅಂಗಡಿಗೆ ಬಂದರೆ ಹಿಂಬಾಗಿಲಿನಿಂದ ಜಾರಿಕೊಳ್ಳುವ, ಫೋನು ಮಾಡಿದರೆ ಎತ್ತದ ನಮ್ಮನ್ನು, ಮಾವ ಸುಣ್ಣದ ಗೆರೆ ಎಳೆದ ಜಾಗದೊಳಗೆ ಬಣ್ಣದ ಅಂಗಿ ತೊಡಿಸಿ, ಬೆನ್ನಿಗೆ ನಂಬರ್ ಹಚ್ಚಿ, ಹಿಡಿದು ನಿಲ್ಲಿಸಿಕೊಟ್ಟಿದ್ದರು.

ಮುಂದೆ ನಡೆದದ್ದನ್ನು ಆಟ ಎಂದು ಕರೆದರೆ ಆಟಕ್ಕೆ ಅವಮಾನ. ಫೋಟೋಗ್ರಾಫರ್ ಓಡುವ ಎಡ ಅಂಚು ಗ್ಯಾಲರಿಗೆ ಅಂಟಿಕೊಂಡೇ ಇತ್ತು. ಅಲ್ಲಿ ಹೊಸದಾಗಿ ಮದುವೆಯಾದ ಹುಡುಗಿ ಒಬ್ಬಳೇ ಕೂತಿದ್ದಳು. "ನಮ್ಮ ಮದುವೆ ಆಲ್ಬಮ್ ಯಾವಾಗ ಕೊಡ್ತೀರಾ? ಫೋಟೋ ನೋಡದೆ ಎರಡೂ ಮನೆಯವರು ಒಬ್ಬರ ಮೇಲೊಬ್ರು ಅನುಮಾನ ಪಡ್ತಿದಾರೆ, ತಮ್ಮ ಕಡೆಯವರ ಫೋಟೋ ತೆಗೆಸೇ ಇಲ್ಲ ಅಂತ" ಎಂದು ಅವಳು ಕೂಗಿದ್ದೇ, ಫೋಟೋಗ್ರಾಫರ್ ಬಲ ಅಂಚಿಗೆ ಓಡಿಬಿಟ್ಟ. ಅಲ್ಲಿ ಆಗಲೇ ಪ್ಲಂಬರ್ ಬಚ್ಚಿಟ್ಟುಕೊಂಡಿದ್ದ. ಬಡಗಿ ಮಾತ್ರ ಎಲ್ಲೂ ಓಡಲಾರದೆ ಬೆವರು ಒರೆಸಿಕೊಳ್ಳುತ್ತಿದ್ದ. ಮೂಲೆಮನೆಯ ದಪ್ಪ ಹೆಂಗಸು ಅವನಿಗೆ ಮಂಗಳಾರತಿ ಎತ್ತುತ್ತಿದ್ದಳು.

"ಹಳೇ ಬಾಗಿಲು ಕಿತ್ಕೊಂಡು ಹೋದೆ, ಹೊಸದು ತರಲೇ ಇಲ್ಲ. ಮನೆಮಂದಿ ಎಲ್ಲ ಹೊಸ್ತಿಲು ಕಾಯ್ತಾ ಕೂತಿದಾರೆ. ನಿನ್ನನ್ನ ಬೈಯೋಕೂ ನಾನೊಬ್ಬಳೇ ಬರಬೇಕಾಯ್ತಲ್ಲೋ!"

ಗೇಟಿನಲ್ಲಿ ಮಾವನ ಮುಖ ನೋಡಬೇಕಿತ್ತು. ಜನ ಬಂದರು ಎಂಬುದಷ್ಟೇ ಅವರಿಗೆ ಕಾಣಿಸುತ್ತಿತ್ತು. ಯಾಕೆ ಬಂದರು ಎಂದು ನಾನು ಬಿಡಿಸಿ ಹೇಳಿದಾಗಲೂ ಅವರ ಮುಖ ಬಾಡಲಿಲ್ಲ.

"ಯಾಕಾದ್ರೂ ಬರ್ಲಿ. ಬಸ್ಸು ಹತ್ತಿದವ್ರನ್ನ ನೀವು ಮದುವೆಗೆ ಹೋಗ್ತೀರೋ ಕೋರ್ಟಿಗೆ ಹೋಗ್ತೀರೋ ಅಂತ ನಾನು ಯಾವತ್ತೂ ಕೇಳಿಲ್ಲ."

ಆದರೆ ಗ್ಯಾಲರಿ ತುಂಬಿದ್ದು ಅರ್ಧ ಮಾತ್ರ. ಕೂಗಿ ಕೂಗಿ ಗಂಟಲು ಕಟ್ಟಿದವರು, ಚಳಿಗೆ ಮೈ ನಡುಗಿದವರು ವಿರಾಮದ ಹೊತ್ತಿಗೆ ಎದ್ದು ಹೋಗುತ್ತಿದ್ದರು. ಹೆಡ್‌ಮಿಸ್ಸು ಸೆರಗನ್ನು ಕಿವಿಗೆ ಸುತ್ತಿಕೊಂಡು ಮೊದಲು ಹೊರಟರು. ನಲ್ಲಿ ಸೋರುವ ಮನೆಯಾಕೆಯೂ "ಬಕೆಟ್ ತುಂಬಿರತ್ತೆ, ಹೋಗಿ ಚೆಲ್ಲಬೇಕು" ಎಂದು ಓಡಿದಳು. ಮಾವ ಇದನ್ನೆಲ್ಲ ನೋಡಿ ರಾತ್ರಿಯೆಲ್ಲ ಲೆಕ್ಕ ಹಾಕಿ, ಮರುದಿನ ನಮ್ಮನ್ನು ಗ್ಯಾಲರಿ ಕೆಳಗಿನ ಕೋಣೆಯಲ್ಲಿ ಕೂಡಿಸಿ ಒಂದು ಆಜ್ಞೆ ಹೊರಡಿಸಿದರು. ಲೋಕದಲ್ಲಿ ಇನ್ಯಾವ ಕ್ಲಬ್ಬಿನ ಕಾರ್ಯದರ್ಶಿಯೂ ಇಂಥ ಆಜ್ಞೆ ಕೊಟ್ಟಿರಲಾರ.

"ಕಡೇ ಪಂದ್ಯ ಮುಗಿಯೋವರೆಗೂ ಯಾರೂ ಯಾವ ಕೆಲಸಾನೂ ಮುಗಿಸಬಾರದು! ಮುಗಿಸಿದ್ರೋ, ಒಂದು ಸೀಟು ಖಾಲಿ ಆಯ್ತು ಅಂತಾನೇ ಲೆಕ್ಕ. ಹೊಸ ಕೆಲಸ ಎಷ್ಟು ಬೇಕಾದ್ರೂ ಒಪ್ಕೊಳ್ಳಿ. ಒಪ್ಕೊಂಡು ಸುಮ್ಮನೆ ಇಟ್ಕೊಂಡಿರಿ."

ಇಷ್ಟು ಸುಲಭದ ಆಜ್ಞೆಯನ್ನು ನಾವು ಜನ್ಮದಲ್ಲಿ ಕೇಳಿರಲಿಲ್ಲ. ಪ್ಲಂಬರನಂತೂ ಎದ್ದು ನಿಂತು ಮಾವನ ಕೈ ಕುಲುಕಿದ.

ಆಮೇಲಿನ ಭಾನುವಾರಗಳಲ್ಲಿ ಮಜಾ ಶುರುವಾಯಿತು. ಬೈಯಲು ಬಂದವರಿಗೆ ಬೈಯುವ ಸಮಯ ಯಾವುದೆಂದು ತಿಳಿಯಬೇಕಾದರೆ ಆಟ ನೋಡಲೇಬೇಕಲ್ಲ. ಚೆಂಡು ಎಲ್ಲಿದೆಯೋ ಪ್ಲಂಬರ್ ಅಲ್ಲಿಗೆ ಬರುತ್ತಾನೆ ಎಂಬುದನ್ನು ಬಕೆಟ್ಟಿನ ಹೆಂಗಸು ಬೇಗ ಕಂಡುಕೊಂಡಳು. "ಈ ಕಡೆ ಕೊಡ್ರಪ್ಪಾ ಚೆಂಡು! ಪ್ಲಂಬರ್‌ಗೆ ಪಾಸ್ ಕೊಡಿ!" ಎಂದು ಕಿರುಚತೊಡಗಿದಳು. ಅವಳ ಕೂಗಿಗೆ ಹೆದರಿ ಯಾರೋ ಕೊಟ್ಟರು. ಚೆಂಡು ಕಾಲಿಗೆ ಸಿಕ್ಕ ಪ್ಲಂಬರ್ ಅವಳನ್ನು ಕಂಡು ಬೆದರಿ, ಅವಳಿಂದ ದೂರ ಓಡುವ ಭರದಲ್ಲಿ, ಎದುರಿಗಿದ್ದವರನ್ನೆಲ್ಲ ದಾಟಿ ಹೋಗಿ ಗೋಲು ಹೊಡೆದುಬಿಟ್ಟ. ಗ್ಯಾಲರಿಗೆ ಗ್ಯಾಲರಿಯೇ ಎದ್ದು ನಿಂತಿತು. ಬಕೆಟ್ಟಿನ ಹೆಂಗಸು ಪಕ್ಕದ ಮದುವಣಗಿತ್ತಿಯನ್ನು ತಬ್ಬಿಕೊಂಡಳು. ಮರುಕ್ಷಣ ತಾನು ಬಂದದ್ದು ಯಾಕೆಂದು ನೆನಪಾಗಿ "ನನ್ನ ನಲ್ಲಿ!" ಎಂದು ಮತ್ತೆ ಮುಖ ಗಂಟಿಕ್ಕಿದಳು.

ಕಡೇ ಪಂದ್ಯಕ್ಕೆ ಇನ್ನೇನು ಸ್ವಲ್ಪ ದಿನ ಇತ್ತು. ಒಂದು ಮಧ್ಯಾಹ್ನ ಹೆಡ್‌ಮಿಸ್ಸು ನನ್ನ ಅಂಗಡಿಗೇ ಬಂದರು. ಹಿಂಬಾಗಿಲಿಗೆ ನನ್ನ ಹೆಂಡತಿ ಅಡ್ಡ ನಿಂತಿದ್ದರಿಂದ ಓಡಲಾಗಲಿಲ್ಲ. ಅವಳು ಬೇಕೆಂದೇ ನಿಂತಿದ್ದಳೋ ಏನೋ, ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಬೈಗುಳಕ್ಕೆ ನಾನು ತಯಾರಾಗಿದ್ದೆ. ಮಿಸ್ಸು ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತು ಕೈ ಉಜ್ಜಿಕೊಂಡರು.

"ಚಳಿ ಜಾಸ್ತಿ ಆಯ್ತು ಕಣಪ್ಪಾ. ನನಗೆ ಕೋಪ ಏನಿಲ್ಲ. ಆಗಲ್ಲ ಅಂದ್ರೆ ಆಗಲ್ಲ ಅಂದುಬಿಡು. ಕೋಟು ಹಾಗೇ ವಾಪಸ್ ಕೊಡು. ದೊಡ್ಡದಾದ್ರೂ ಪರವಾಗಿಲ್ಲ, ಹೊದ್ದುಕೊಂಡು ಕೂರ್ತೀನಿ."

ಆ ಕೋಟು ಅವರ ಯಜಮಾನರದು. ಯಜಮಾನರು ತೀರಿಕೊಂಡ ಮೇಲೆ, ಅದನ್ನು ಬಿಚ್ಚಿ ತನ್ನ ಅಳತೆಗೆ ಮಾಡಿಕೊಡು ಎಂದು ಮಿಸ್ಸು ನನಗೆ ಕೊಟ್ಟಿದ್ದರು. ನಾನು ಅದನ್ನು ಕಪಾಟಿನಲ್ಲಿ ಇಟ್ಟವನು ಹಾಗೇ ಬಿಟ್ಟಿದ್ದೆ. ಇದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. ಕತ್ತರಿ ಕೈಗೆತ್ತಿಕೊಂಡಾಗಲೆಲ್ಲ ಹೆದರಿಕೆಯಾಗುತ್ತಿತ್ತು. ಬೇರೆ ಬಟ್ಟೆ ಕೆಟ್ಟರೆ ಇನ್ನೊಂದು ತಂದುಕೊಡಬಹುದು. ಇದು ಕೆಟ್ಟರೆ ಎಲ್ಲಿಂದ ತರಲಿ?

"ನಾಳೆ..." ಎಂದು ಶುರು ಮಾಡಿದವನು ನಾಲಿಗೆ ಕಚ್ಚಿಕೊಂಡೆ.

ಮಿಸ್ಸು ಹೋದ ಮೇಲೆ ಅಂಗಡಿಯ ಬಾಗಿಲು ಮುಂದೆ ಮಾಡಿ ಕೋಟನ್ನು ಮೇಜಿನ ಮೇಲೆ ಹರಡಿದೆ. ಬಲ ಮೊಣಕೈ ಸವೆದು ತೆಳ್ಳಗಾಗಿತ್ತು. ಎದುರಿಗೆ ಮಾವನ ಮುಖ ಬಂದಂತಾಯಿತು: ಮುಗಿಸಿದರೆ ಒಂದು ಸೀಟು ಖಾಲಿ. ಅದೂ ಯಾರ ಸೀಟು? ಒಂದು ಭಾನುವಾರವೂ ತಪ್ಪಿಸದೆ ಬಂದವರ ಸೀಟು. ಹೆಂಡತಿ ಹಿಂದಿನಿಂದ ಬಂದು ಕತ್ತರಿಯನ್ನು ನನ್ನ ಮುಂದೆ ಇಟ್ಟಳು.

"ಮಾವನಿಗೆ ನಾನು ಹೇಳಲ್ಲ" ಎಂದಳು.

ಭುಜ ಇಳಿಸಿದೆ, ತೋಳು ಕಡಿಮೆ ಮಾಡಿದೆ, ಸವೆದ ಮೊಣಕೈಗೆ ಒಳಗಿನಿಂದ ತೇಪೆ ಕೊಟ್ಟೆ. ಅಷ್ಟು ಜೋಪಾನವಾಗಿ ನನ್ನ ಮದುವೆಯ ಅಂಗಿಯನ್ನೂ ಹೊಲಿದುಕೊಂಡಿರಲಿಲ್ಲ. ಶನಿವಾರ ಮಿಸ್ಸಿನ ಮನೆಗೇ ಒಯ್ದು ಕೊಟ್ಟೆ. ಅವರು ತೊಟ್ಟುಕೊಂಡು, ಗುಂಡಿ ಹಾಕಿಕೊಂಡು, ಎರಡೂ ತೋಳುಗಳನ್ನು ಮೂಗಿನ ಹತ್ತಿರ ತಂದು ಉಸಿರೆಳೆದುಕೊಂಡರು.

"ಮಿಸ್, ಒಂದು ವಿಷಯ. ದಯವಿಟ್ಟು ಯಾರಿಗೂ ಹೇಳ್ಬೇಡಿ."

"ಕೆಲಸ ಮುಗಿಸಿದ್ದನ್ನ ಗುಟ್ಟಾಗಿಡು ಅನ್ನೋ ದರ್ಜೀನ ನಾನು ಇದೇ ಮೊದಲು ನೋಡ್ತಿರೋದು" ಎಂದರು ಮಿಸ್ಸು. ಅವರ ಕಣ್ಣು ಒದ್ದೆಯಾಗಿತ್ತು. ನಾನು ಅಲ್ಲಿಂದ ಕಾಲು ಕಿತ್ತೆ.

ಭಾನುವಾರ ಬಂತು. ಗ್ಯಾಲರಿ ಕೆಳಗಿನ ಕೋಣೆಯಲ್ಲಿ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ ನಮ್ಮನ್ನು ಮಾವ ಬಾಗಿಲಲ್ಲಿ ನಿಂತು ನೋಡಿದರು. ಅಂಗಿಯ ಇಸ್ತ್ರಿ ಎಂದಿಗಿಂತ ಗರಿಗರಿಯಾಗಿತ್ತು.

"ಯಾರೂ ಏನೂ ಮುಗಿಸಿಲ್ಲ ತಾನೇ?"

ಬಡಗಿಯ ಬೂಟಿನ ದಾರ ಎಷ್ಟು ಹೊತ್ತಾದರೂ ಕಟ್ಟಿ ಮುಗಿಯಲಿಲ್ಲ. ಕೊನೆಗೆ ಅವನೇ ಬಾಯಿ ಬಿಟ್ಟ.

"ಆ ಬಾಗಿಲು... ನಿನ್ನೆ ಕೂರಿಸಿಬಿಟ್ಟೆ. ಅವರ ಮನೆ ಅಜ್ಜಿ ಹೊಸ್ತಿಲಲ್ಲಿ ಕಂಬಳಿ ಹೊದ್ಕೊಂಡು ಕಾವಲು ಕೂತಿತ್ತು. ನನ್ನಿಂದ ನೋಡೋಕಾಗ್ಲಿಲ್ಲ. ಒಂದೇ ಬಾಗಿಲು ತಾನೇ ಅಂದ್ಕೊಂಡೆ."

"ನಾನೂ ಒಂದೇ ನಲ್ಲಿ ತಾನೇ ಅಂದ್ಕೊಂಡೆ" ಎಂದ ಪ್ಲಂಬರ್.

ಫೋಟೋಗ್ರಾಫರ್ ಆಲ್ಬಮ್ ಕೊಟ್ಟಾಗಿತ್ತು. ತಂಡದ ಎಲೆಕ್ಟ್ರಿಷಿಯನ್ ಒಂದು ಬೀದಿಯ ಮನೆಗಳ ದೀಪಗಳನ್ನೆಲ್ಲ ಉರಿಸಿ ಬಂದಿದ್ದ. ಎಲ್ಲರೂ ತಾನೊಬ್ಬನೇ ತಪ್ಪು ಮಾಡಿದೆ ಎಂದುಕೊಂಡು, ತಾನು ಮಾಡಿದ್ದು ಒಂದೇ ಎಂದುಕೊಂಡು, ಕದ್ದು ಮುಚ್ಚಿ ಕೆಲಸ ಮುಗಿಸಿದ್ದರು. ಜನ್ಮವಿಡೀ ಮಾಡದ ಕೆಲಸವನ್ನು, ಮಾಡಬೇಡಿ ಎಂದ ಮೇಲೆ ಮಾಡಿದ ಭೂಪರು ನಾವು. ನಾನೂ ಕೋಟಿನ ಮಾತು ಹೇಳಿದೆ.

ಮಾವ ಬೆಂಚಿನ ತುದಿಯಲ್ಲಿ ಕೂತರು. ರೇಗುತ್ತಾರೆಂದು ಕಾದೆವು. ರೇಗಿದ್ದರೆ ಎಷ್ಟೋ ವಾಸಿಯಿತ್ತು.

"ಸರಿಯಾಗೇ ಮಾಡಿದೀರಿ ಬಿಡ್ರೋ" ಎಂದರು ಕೊನೆಗೆ. "ಅಜ್ಜೀನ ಹೊಸ್ತಿಲಲ್ಲಿ ಕೂರಿಸಿ ನಾನು ಕ್ಲಬ್ಬು ಉಳಿಸ್ಕೋಬೇಕಿತ್ತಾ? ಏಳಿ, ಆಡಿ ಹೋಗಿ. ನಾನು ಗೇಟಲ್ಲಿರ್ತೀನಿ."

ನಾಲ್ಕಕ್ಕೆ ಆಟ ಶುರುವಾಯಿತು. ಸಂಘದ ಚೆಕಿಂಗ್‌ನವರು ಬಂದು ಖಾಲಿ ಗ್ಯಾಲರಿಯ ನಟ್ಟನಡುವೆ, ಒಂದು ಕಡೆ ಚೀಲ ಇನ್ನೊಂದು ಕಡೆ ಕೊಡೆ ಇಟ್ಟುಕೊಂಡು, ಆರಾಮವಾಗಿ ಕಾಲು ಚಾಚಿ ಕೂತಿದ್ದರು. ಅವರಿಂದ ಬಲು ದೂರದಲ್ಲಿ ನಾಯಿ. ಪ್ಲಂಬರನ ತಾಯಿ ಕೂಡ ಇರಲಿಲ್ಲ. ಆ ವಾರ ಮನೆಯಲ್ಲಿ ರಾಜಿಯಾಗಿತ್ತಂತೆ. ಬೈಗುಳವಿಲ್ಲದ ಮೈದಾನದಲ್ಲಿ ನಮ್ಮವರ ಕಾಲೇ ಏಳಲಿಲ್ಲ. ಯಾರಿಂದಲೂ ಓಡಬೇಕಾಗಿಲ್ಲದ ಪ್ಲಂಬರ್ ನಡೆದಾಡುತ್ತಿದ್ದ. ಒಂದು ಗೋಲು ಬಿಟ್ಟುಕೊಟ್ಟೆವು. ನಾನು ಚೆಂಡಿಗಿಂತ ಹೆಚ್ಚಾಗಿ ಗೇಟಿನ ಕಡೆ ನೋಡುತ್ತಿದ್ದೆ. ಮಾವ ಬೀದಿಗೆ ಮುಖ ಮಾಡಿ, ನಮಗೆ ಬೆನ್ನು ತೋರಿಸಿ ನಿಂತಿದ್ದರು. ಆ ಬೆನ್ನು ನೋಡಲಾಗುತ್ತಿರಲಿಲ್ಲ.

ವಿರಾಮದಲ್ಲಿ ಚೆಕಿಂಗ್‌ನವರು ಚೀಲ, ಕೊಡೆ ಎರಡನ್ನೂ ತೆಗೆದುಕೊಂಡು ಎದುರಿನ ಅಂಗಡಿಗೆ ಚಹಾ ಕುಡಿಯಲು ಹೋದರು. ಇನ್ನು ನೋಡುವುದೇನಿದೆ ಎಂಬಂತಿತ್ತು ಅವರ ನಡಿಗೆ.

ಅವರು ಆಚೆ ಹೋಗುವುದಕ್ಕೂ ಹೆಡ್‌ಮಿಸ್ಸು ಈಚೆ ಬರುವುದಕ್ಕೂ ಸರಿಹೋಯಿತು. ಮೈಮೇಲೆ ಕೋಟು, ಕಂಕುಳಲ್ಲಿ ದಿಂಬು. ಸೀದಾ ನನ್ನ ಗೋಲಿನ ಹಿಂದೆ ಬಂದು ಅಲ್ಲಿದ್ದ ಕಲ್ಲಿನ ಮೇಲೆ ದಿಂಬು ಹಾಕಿಕೊಂಡರು.

"ಮಿಸ್, ಕೋಟು ಕೊಟ್ಟಾಯ್ತಲ್ಲ?"

"ಅದಕ್ಕೇ ಬಂದೆ ಕಣೋ. ಇಷ್ಟು ದಿನ ಚಳಿಗೆ ಅರ್ಧ ಆಟ ಬಿಟ್ಟು ಹೋಗ್ತಿದ್ದೆ. ಇವತ್ತು ಪೂರ್ತಿ ನೋಡ್ತೀನಿ."

ಅವರ ಹಿಂದೆಯೇ ಗೇಟಿನಲ್ಲಿ ಗದ್ದಲವಾಯಿತು. ಮೂಲೆಮನೆಯ ದಪ್ಪ ಹೆಂಗಸು ಬಂದಳು. ಒಬ್ಬಳೇ ಅಲ್ಲ. ಗಂಡ, ಮೈದುನ, ಓರಗಿತ್ತಿ, ಮಕ್ಕಳು, ಕಂಬಳಿ ಹೊದ್ದ ಅಜ್ಜಿ, ಎಲ್ಲರೂ! "ತಡ ಆಯ್ತು ಕಣ್ರೀ, ಬಾಗಿಲಿಗೆ ಬೀಗ ಹಾಕಿ ಮನೆಮಂದಿಯೆಲ್ಲ ಒಟ್ಟಿಗೆ ಹೊರಟು ಎಷ್ಟು ಕಾಲ ಆಗಿತ್ತು!" ಎಂದು ಅವಳು ಬೀಗದ ಕೈ ಎತ್ತಿ ಬಡಗಿಗೆ ತೋರಿಸಿದಳು. ಒಬ್ಬಳು ಬೈಯಲು ಹೊರಡಬೇಕಾದರೆ ಚಪ್ಪಲಿ ಮೆಟ್ಟಿದರೆ ಸಾಕು. ಸಂಸಾರವೇ ಆಟ ನೋಡಲು ಹೊರಡಬೇಕಾದರೆ ತಡವಾಗದೆ ಇರುತ್ತದೆಯೇ? ಬಕೆಟ್ಟಿನ ಹೆಂಗಸಿನ ಜೊತೆ ಇಷ್ಟು ದಿನ ಬಕೆಟ್ಟು ಕಾಯುತ್ತಿದ್ದವರೆಲ್ಲ ಬಂದರು. ಮದುವಣಗಿತ್ತಿ ಆಲ್ಬಮ್ಮನ್ನು ಎದೆಗವಚಿಕೊಂಡು ಬಂದಳು. ಅದನ್ನು ನೋಡಲು ಎರಡೂ ಬೀಗರ ಕಡೆಯವರು ಮೂರನೇ ಸಾಲು, ನಾಲ್ಕನೇ ಸಾಲು ಹಿಡಿದು ಕೂತರು. ದೀಪ ಉರಿದ ಬೀದಿಗೆ ಬೀದಿಯೇ ಬಂತು. ನಾವು ಕೆಲಸ ಮುಗಿಸದೆ ಎಷ್ಟು ಜನರನ್ನು ಮನೆಯಲ್ಲಿ ಕಟ್ಟಿಹಾಕಿದ್ದೆವು ಎಂದು ನನಗೆ ಆಗ ಗೊತ್ತಾಯಿತು.

ಆಟ ಮತ್ತೆ ಶುರುವಾಯಿತು. "ಪ್ಲಂಬರ್‌ಗೆ ಪಾಸ್ ಕೊಡ್ರೋ!" ಎಂದು ಬಕೆಟ್ಟಿನ ಹೆಂಗಸು ಅಭ್ಯಾಸಬಲದಿಂದ ಕಿರುಚಿದಳು. ಅವಳ ದನಿ ಕೇಳಿದ್ದೇ ಪ್ಲಂಬರ್ ಅಭ್ಯಾಸಬಲದಿಂದ ಓಟ ಕಿತ್ತ, ಗೋಲು ಬಿತ್ತು. ಸಮ ಸಮ! ಹಲಗೆಗಳು ಧಡಧಡ ಅಂದವು.

ಆ ಸದ್ದಿನ ನಡುವೆ ಗೇಟಿನಿಂದ ಒಂದು ದನಿ ಕೇಳಿಸಿತು. ಎಷ್ಟೋ ವರ್ಷ ಕೇಳದಿದ್ದ, ಬಸ್ಸಿನ ಹಿಂಬಾಗಿಲಿನಿಂದ ಮುಂಬಾಗಿಲಿಗೆ ಮುಟ್ಟುವಂಥ ದನಿ.

"ಒಳಗೆ ನಡೀರಿ, ಒಳಗೆ ನಡೀರಿ! ಅಜ್ಜಿಗೆ ಜಾಗ ಬಿಡಿ! ಸ್ವಲ್ಪ ಒತ್ತರಿಸಿ ಕೂತ್ಕೊಳ್ಳಿ! ಹಿಂದೆ ಜನ ಹತ್ತಬೇಕು!"

ನನಗೆ ಅಳು ಬಂದುಬಿಟ್ಟಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಗೋಲಿನ ಮುಂದೆ ನಿಂತು ಕೈಗವಸಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದೆ. ಎದುರು ತಂಡದವನು ಚೆಂಡು ತಂದು ಒದ್ದದ್ದನ್ನು ನಾನು ನೋಡಲೇ ಇಲ್ಲ.

"ಏನೋ! ಕೈ ಚಾಚು!"

ಆ ಮಾತು ನನ್ನ ಮೂಳೆಗೆ ಗೊತ್ತು. ಮಗ್ಗಿ ತಪ್ಪಿದಾಗ ರೂಲರ್ ಪೆಟ್ಟಿಗೆ ಮುಂಚೆ ಬರುತ್ತಿದ್ದ ಮಾತು. ನನ್ನ ಎರಡೂ ಅಂಗೈ ನನ್ನನ್ನು ಕೇಳದೆ ಮುಂದಕ್ಕೆ ಹೋದವು. ಏನೋ ಜೋರಾಗಿ ಬಂದು ಬಡಿಯಿತು. ಕಣ್ಣು ಬಿಟ್ಟು ನೋಡಿದರೆ ಚೆಂಡು ನನ್ನ ಕೈಯಲ್ಲಿತ್ತು. ಗ್ಯಾಲರಿ ಕೂಗಿದ ಕೂಗಿಗೆ ನಾಯಿ ಎದ್ದು ಬೇರೆ ಜಾಗ ಹುಡುಕಿಕೊಂಡು ಹೋಯಿತು, ಆದರೆ ಅದಕ್ಕೆ ಎಲ್ಲೂ ಜಾಗ ಸಿಗಲಿಲ್ಲ.

ಅಷ್ಟರಲ್ಲಿ ಚೆಕಿಂಗ್‌ನವರು ಚಹಾ ಮುಗಿಸಿ ಗೇಟಿಗೆ ಬಂದರು. ಒಳಗೆ ಇಣುಕಿ, ತಪ್ಪು ಮೈದಾನಕ್ಕೆ ಬಂದೆನೇನೋ ಎಂಬಂತೆ ಬೋರ್ಡು ನೋಡಿದರು. ಆಮೇಲೆ ಮಾವನಿಗೆ ಏನೋ ಹೇಳಿದರು. ನಾನಿದ್ದ ಜಾಗಕ್ಕೆ ಅದು ಕೇಳಿಸಲಿಲ್ಲ. ಮಾವನ ಉತ್ತರ ಮಾತ್ರ ನನಗಷ್ಟೇ ಅಲ್ಲ, ಇಡೀ ಬೀದಿಗೆ ಕೇಳಿಸಿತು.

"ಸೀಟಿಲ್ಲ ಸ್ವಾಮಿ. ನಿಂತ್ಕೊಂಡು ಬರೋದಾದ್ರೆ ಬನ್ನಿ."

ಚೆಕಿಂಗ್‌ನವರು ಕೊಡೆಯನ್ನು ಕಂಕುಳಿಗೆ ಸೇರಿಸಿ, ಗ್ಯಾಲರಿಯ ಕಂಬ ಹಿಡಿದು, ಆಟ ಮುಗಿಯುವವರೆಗೆ ನಿಂತೇ ಇದ್ದರು.